‘ಒಂದೆರಡು ಕಡೆ ಭಾರಿ ಮಳೆ’ ಎಂದರೆ ಎಷ್ಟು, ಎಲ್ಲಿ?

ಮಾನ್ಯ ಸಂಪಾದಕರೇ,

‘ಉತ್ತರ ಒಳನಾಡಿನ ಒಂದೆರಡು ಕಡೆ ಗುಡುಗು ಸಹಿತ ಭಾರಿ ಮಳೆಯಾಗುವ ಸಾಧ್ಯತೆ ಇದೆ’ ಎಂಬ ಸಾಲನ್ನು ಪತ್ರಿಕೆಗಳಲ್ಲಿ ವರ್ಷಗಳಿಂದ ಓದುತ್ತಿದ್ದೇನೆ. ಬೀದರಿನಿಂದ ಹಾವೇರಿಯವರೆಗಿನ ಸೀಮೆಯೆಲ್ಲ ಆ ಒಂದು ಸಾಲಿನಲ್ಲಿ ಅಡಗಿಹೋಗುತ್ತದೆ. ಕೆಲವು ವರ್ಷಗಳ ಹಿಂದೆ ಬೇಸಿಗೆ ಬೆಳೆಯ ಕಟಾವಿನ ಹೊತ್ತಿನಲ್ಲಿ ಬೆಳಿಗ್ಗೆ ಇಂಥದೇ ಸಾಲನ್ನು ಓದಿಯೂ, ನಮ್ಮೂರಿಗೆ ಅದು ಅನ್ವಯಿಸಲಾರದೆಂದು ತಿಳಿದು, ಒಣಗಲು ಹರವಿದ್ದ ಭತ್ತವನ್ನು ಹಾಗೇ ಬಿಟ್ಟೆ. ಸಂಜೆ ಐದರ ಸುಮಾರಿಗೆ ಬಿರುಗಾಳಿಯೊಡನೆ ಬಂದ ಮಳೆ ಅರ್ಧಗಂಟೆಯಲ್ಲಿ ಅದನ್ನೆಲ್ಲ ತೋಯಿಸಿತು; ಮೊಳಕೆ ಬಂದ ಭತ್ತವನ್ನು ಕೊಳ್ಳುವವರು ಸಿಗಲಿಲ್ಲ.

ಆ ಸಾಲಿನ ಒಂದೊಂದು ಪದಕ್ಕೂ ಅಳತೆಯುಂಟು ಎಂಬುದು ನನಗೆ ತಿಳಿದದ್ದು ಆಮೇಲೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ‘ಒಂದೆರಡು ಕಡೆ’ ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲುಭಾಗ. ‘ಹಲವೆಡೆ’ ಎಂದರೆ ಅರ್ಧಕ್ಕಿಂತ ಹೆಚ್ಚು. ‘ಭಾರಿ’ ಎಂದರೆ 24 ಗಂಟೆಗಳಲ್ಲಿ 64.5 ಮಿ.ಮೀ. ಅಥವಾ ಅದಕ್ಕೂ ಮೇಲೆ, ‘ಅತಿ ಭಾರಿ’ ಎಂದರೆ 115.6 ಮಿ.ಮೀ.ನಿಂದ ಮೇಲೆ. ಈ ಅಳತೆಗಳು ಮಲೆನಾಡಿಗೂ ನಮಗೂ ಒಂದೇ. ಆದರೆ ವರ್ಷವಿಡೀ ಸುಮಾರು 600 ಮಿ.ಮೀ. ಮಳೆ ಕಾಣುವ ಕೊಪ್ಪಳದಂಥ ಜಿಲ್ಲೆಯಲ್ಲಿ ಒಂದೇ ದಿನ 65 ಮಿ.ಮೀ. ಸುರಿದರೆ ಎರೆ ಹೊಲದಲ್ಲಿ ನೀರು ದಿನಗಟ್ಟಲೆ ನಿಲ್ಲುತ್ತದೆ, ಬೇಸಿಗೆಯಲ್ಲಿ ಒಣಗಿ ಮಲಗಿದ್ದ ಹಳ್ಳ ರಸ್ತೆಯ ಮೇಲೆ ಹರಿಯುತ್ತದೆ.

ನಮ್ಮಲ್ಲಿ ಮಳೆಯ ಅಪಾಯ ಒಂದೇ ಬಗೆಯದಲ್ಲ. ಏಪ್ರಿಲ್–ಮೇ ತಿಂಗಳ ಗುಡುಗು ಮೋಡ ಮಧ್ಯಾಹ್ನದ ಕಾವಿಗೆ ಕಟ್ಟಿ ಸಂಜೆಗೆ ಒಡೆಯುವುದರಿಂದ ಅದು ಯಾವ ಊರಿನ ಮೇಲೆ ಬೀಳುತ್ತದೆಂದು ಹಿಂದಿನ ದಿನವೇ ಹೇಳಲಾಗದು; ಅದಕ್ಕಾಗಿ ಮೂರು ಗಂಟೆಗಳ ತುರ್ತು ಮುನ್ಸೂಚನೆ ಇದೆ, ಸಿಡಿಲಿಗೆ ‘ದಾಮಿನಿ’ ಆ್ಯಪ್ ಇದೆ. ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಬರುವ ಹಿಂಗಾರಿನ ಮಳೆಯ ಸುಳಿವು ಕೆಲವು ದಿನ ಮೊದಲೇ ಸಿಗುತ್ತದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಮತ್ತು ಅಕ್ಟೋಬರ್ ಆರಂಭದಲ್ಲಿ ಬಂದ ಪ್ರವಾಹವನ್ನು ಕಂಡ ರಾಯಚೂರು, ಬಳ್ಳಾರಿ, ಕೊಪ್ಪಳದವರಿಗೆ ಹಾಗೆ ಮೊದಲೇ ಸಿಗುವ ಆ ಕೆಲವು ದಿನಗಳ ಬೆಲೆ ಏನೆಂದು ವಿವರಿಸಬೇಕಿಲ್ಲ. ಇನ್ನು ಜುಲೈ–ಆಗಸ್ಟ್‌ನಲ್ಲಿ ನಮ್ಮ ತಲೆಯ ಮೇಲೆ ಹನಿ ಬೀಳದೆಯೂ ಪ್ರವಾಹ ಬರುತ್ತದೆ. ಶಿವಮೊಗ್ಗ, ಚಿಕ್ಕಮಗಳೂರಿನಲ್ಲಿ ಸುರಿದ ನೀರು ತುಂಗಭದ್ರಾ ಜಲಾಶಯ ತುಂಬಿಸಿ, ಗೇಟುಗಳಿಂದ ಹೊರಬಿದ್ದು, ಕಂಪ್ಲಿ–ಗಂಗಾವತಿ ಸೇತುವೆಯ ಸಂಚಾರ ನಿಲ್ಲಿಸುತ್ತದೆ. ಆ ದಿನಗಳಲ್ಲಿ ನಾವು ನೋಡಬೇಕಾದದ್ದು ಕೊಪ್ಪಳದ ಮುನ್ಸೂಚನೆಯನ್ನಲ್ಲ, ಮಲೆನಾಡಿನದನ್ನು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕಿತ್ತುಹೋದಾಗ ನದಿಪಾತ್ರದ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಎಷ್ಟು ಕ್ಯುಸೆಕ್, ನಮ್ಮೂರಿಗೆ ಯಾವಾಗ?

ಮಾಹಿತಿಗೆ ಬರವಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇರಿಸಿದೆ, ‘ವರುಣ ಮಿತ್ರ’ ಸಹಾಯವಾಣಿ ನಡೆಸುತ್ತಿದೆ. ಆದರೆ ಸ್ಮಾರ್ಟ್‌ಫೋನ್ ಬಳಸದ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಚಹಾ ಅಂಗಡಿಯ ಪತ್ರಿಕೆಯನ್ನೇ ನಂಬಿದ್ದಾರೆ. ಆದ್ದರಿಂದ ತಮ್ಮ ಜಿಲ್ಲಾ ಪುಟದಲ್ಲಿ ಪ್ರತಿದಿನ ಒಂದು ಚಿಕ್ಕ ಚೌಕವನ್ನು ಮೀಸಲಿಟ್ಟು, ಮುಂದಿನ ಮೂರು ದಿನ ನಮ್ಮ ಜಿಲ್ಲೆಗೆ ಯಾವ ಬಣ್ಣದ ಎಚ್ಚರಿಕೆ, ಎಷ್ಟು ಮಿ.ಮೀ. ಮಳೆಯ ಅಂದಾಜು, ಜಲಾಶಯದ ಒಳಹರಿವು–ಹೊರಹರಿವು ಎಷ್ಟು, ಯಾವ ಸೇತುವೆ ಬಂದ್ ಆಗಿದೆ ಎಂಬುದನ್ನು ಮುದ್ರಿಸಬೇಕೆಂದು ಕೋರುತ್ತೇನೆ. ಗ್ರಾಮ ಪಂಚಾಯಿತಿಗಳೂ ಆರೆಂಜ್ ಅಲರ್ಟ್ ಬಂದ ದಿನ ಸಂಜೆಯೊಳಗೆ ಡಂಗುರ ಸಾರಿಸಿದರೆ, ಕಣದಲ್ಲಿರುವವರು ತಾಡಪತ್ರಿ ಹುಡುಕಲು, ನದಿ ದಂಡೆಯವರು ಪಂಪ್‌ಸೆಟ್ಟುಗಳನ್ನು ಮೇಲಕ್ಕೆ ತರಲು ಒಂದು ರಾತ್ರಿಯಾದರೂ ಸಿಗುತ್ತದೆ.

– ಒಬ್ಬ ಭತ್ತದ ಬೆಳೆಗಾರ, ಕಾರಟಗಿ, ಕೊಪ್ಪಳ ಜಿಲ್ಲೆ