24ರಲ್ಲಿ 23

ಗೆಳೆಯಾ,

ಚಿಕ್ಕಮಗಳೂರಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ. ಹಂಚು ಎಲ್ಲಾದ್ರೂ ಸೋರ್ತಿದೆಯಾ ನೋಡೋಣ ಅಂತ ಅಟ್ಟ ಹತ್ತಿದೆ. ಅಲ್ಲಿ ನಮ್ಮ ಶೂ ಡಬ್ಬ ಸಿಕ್ತು ಕಣೋ! ಬಿಸ್ಕತ್ತಿನ ಪೊಟ್ಟಣದಲ್ಲಿ ಒಂದೊಂದಾಗಿ ಬರ್ತಿದ್ದ ‘ಫೈಂಡಿಂಗ್ ನೀಮೋ’ ಕಾರ್ಡುಗಳು. ಸಿನಿಮಾ 2003ರದ್ದು. ಅದನ್ನ ನೋಡೋ ಮೊದಲೇ ನಮಗೆ ಅಷ್ಟೂ ಮೀನುಗಳ ಪರಿಚಯ ಆಗಿತ್ತು, ನೆನಪಿದೆಯಾ?

ಎರಡೆರಡು ಸಲ ಎಣಿಸಿದೆ. 24ರಲ್ಲಿ 23 ಇವೆ. ಇಲ್ಲದ್ದು ಡೋರಿ, ಆ ಮರೆಗುಳಿ ನೀಲಿ ಮೀನು.

ನಮ್ಮ ಅದೃಷ್ಟವೇ ಸರಿಯಿಲ್ಲ ಅಂತ ಆಗ ಎಷ್ಟು ಕೊರಗಿದ್ವಿ. ನಿನ್ನೆ ಕೂತು ಲೆಕ್ಕ ಹಾಕಿದೆ. 24 ಬಗೆಯೂ ಸಮನಾಗಿ ಬೆರೆತಿದ್ದರೂ, ಒಬ್ಬನೇ ಕೊಂಡು ಸೆಟ್ ಪೂರ್ತಿ ಮಾಡೋಕೆ ಸರಾಸರಿ 91 ಪೊಟ್ಟಣ ಬೇಕು. ಕೊನೆಯ ಒಂದು ಕಾರ್ಡಿಗೇ ಸರಾಸರಿ 24! ನಮ್ಮ ಜೇಬಿಗೆ ಎಲ್ಲಿತ್ತು ಅಷ್ಟು ಶಕ್ತಿ? ರತ್ನಗಿರಿ ಬೋರೆಯಲ್ಲಿ ಕೂತು ಡಬಲ್‌ಗಳನ್ನ ಬದಲಾಯಿಸಿಕೊಂಡಿದ್ದಕ್ಕೇ ಇಷ್ಟಾದ್ರೂ ಕೂಡಿದ್ದು. ಒಂದು ಆಮೆಗೆ ನೀನು ಎರಡು ಶಾರ್ಕ್ ಕೇಳ್ತಿದ್ದೆ.

ಕಾರ್ಡುಗಳು ದೋಣಿ ಥರ ಬಾಗಿವೆ. ಚಿತ್ರದ ಕಡೆ ನುಣುಪು ಲೇಪ ಇದೆ, ಹಿಂದೆ ಬರೀ ರಟ್ಟು. ನಮ್ಮೂರ ತೇವ ಕುಡಿದು ರಟ್ಟು ಹಿಗ್ಗುತ್ತೆ, ಲೇಪ ಹಿಗ್ಗಲ್ಲ. ಹಾಗಾಗಿ ಕಾರ್ಡು ಚಿತ್ರದ ಕಡೆಗೆ ಮುದುರುತ್ತೆ. ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದು ನನ್ನದೇ ತಪ್ಪು. ಅಂಚನ್ನ ಕೊರೆದು, ಕರಗಿ ಅಂಟಿಕೊಂಡುಬಿಟ್ಟಿದೆ. ಒಣಗಿಸಿ ದಪ್ಪ ಪುಸ್ತಕದಡಿ ಇಟ್ಟಿದ್ದೀನಿ. ಆಮೇಲೆ ಒಂದೊಂದಕ್ಕೂ ಕವರ್, ಡಬ್ಬಕ್ಕೆ ಸಿಲಿಕಾ ಜೆಲ್. ಜೆರಾಕ್ಸ್ ಅಂಗಡಿಯವರು ಲ್ಯಾಮಿನೇಷನ್ ಮಾಡಿಸಿ ಅಂದ್ರು, ಬೇಡ ಅಂದೆ. ಒಮ್ಮೆ ಅಂಟಿಸಿದರೆ ಬಿಡಿಸೋಕಾಗಲ್ಲ, ಕಲಸಿ ಆಡೋಕೂ ಆಗಲ್ಲ.

ಹೌದು, ಆಡಬೇಕು. ಡಬ್ಬದ ತಳದಲ್ಲಿ ನಿಯಮದ ಚೀಟಿಯೂ ಇದೆ! ಇಂಥ ಆಟಗಳಲ್ಲಿ ಮೊದಲು ಕಳೆದುಹೋಗೋದೇ ಅದು, ಅದಕ್ಕೇ ಮುಟ್ಟುವಾಗ ಕೈ ನಡುಗಿತು. ನಾಲ್ಕು ನಾಲ್ಕರ ಆರು ಕುಟುಂಬ. ಎದುರಿನವನ ಕೈಲಿರೋದನ್ನ ಹೆಸರು ಹಿಡಿದು ಕೇಳಬೇಕು. 1851ರ ಲಂಡನ್ ಮಹಾ ಪ್ರದರ್ಶನದ ಕಾಲದ ‘ಹ್ಯಾಪಿ ಫ್ಯಾಮಿಲೀಸ್’ ಆಟದ ಕ್ರಮವೇ ಇದು. ಒಂದು ಕಾರ್ಡು ಇಲ್ಲದಿದ್ದರೂ ಒಂದು ಕುಟುಂಬ ಕೊನೆವರೆಗೂ ಕೂಡೋದೇ ಇಲ್ಲ.

ನಿಮ್ಮಪ್ಪನಿಗೆ ಹಾಸನಕ್ಕೆ ವರ್ಗವಾಗಿ ನೀವು ಹೊರಟ ವಾರ ನಿನಗೊಂದು ಡೋರಿ ಸಿಕ್ಕಿತ್ತು. ಬಸ್ಸಿನ ಕಿಟಕಿಯಿಂದ ತೋರಿಸಿದ್ದೆ. ಹಳೇ ಜಾಮಿಟ್ರಿ ಬಾಕ್ಸಿನಲ್ಲಿ, ಅಮ್ಮನ ಟ್ರಂಕಿನಲ್ಲಿ ಒಮ್ಮೆ ಹುಡುಕು. ಸಿಕ್ಕರೆ ಅಂಚೆಗೆ ಹಾಕಬೇಡ, ನೀನೇ ತಗೊಂಡು ಬಾ.

ಎರಡು ಶಾರ್ಕ್ ತೆಗೆದಿಟ್ಟಿದ್ದೀನಿ.

ನಿನ್ನ ಗೆಳೆಯ