ಕಬಿನಿ ಕಣಿವೆಯ ಹಾಡಿಗಳಿಗೆ ಮೀನು ಹಿಡಿಯುವ ಹಕ್ಕು ದೊರಕಿಸಲು ದೇಣಿಗೆ ಮನವಿ

ಮಾನ್ಯರೇ,

ಹೆಗ್ಗಡದೇವನಕೋಟೆ ಸೀಮೆಯಲ್ಲಿ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂಬ ನಾಲ್ಕು ಜಲಾಶಯಗಳಿವೆ. ಇವುಗಳಲ್ಲಿ ದೊಡ್ಡದಾದ ಕಬಿನಿ ಅಣೆಕಟ್ಟು 1974ರಲ್ಲಿ ಬೀಚನಹಳ್ಳಿಯ ಬಳಿ ಪೂರ್ಣಗೊಂಡಿತು. ಕಾಡಾನೆ ಹಿಡಿಯುವ ಖೆಡ್ಡಾಗಳಿಗೆ ಹೆಸರಾಗಿದ್ದ ಕಾಕನಕೋಟೆ ಕಾಡಿನ ಒಂದು ಭಾಗ ಅದರ ಹಿನ್ನೀರಿನಲ್ಲಿ ಮುಳುಗಿ, ಅಲ್ಲಿ ಬಾಳುತ್ತಿದ್ದ ಆದಿವಾಸಿ ಕುಟುಂಬಗಳು ತಮ್ಮ ಊರುಗಳಾದ ಹಾಡಿಗಳನ್ನು ತೊರೆಯಬೇಕಾಯಿತು. ಕೆಳಗಿನ ಗದ್ದೆಗಳಿಗೆ ನೀರು ಬಂದದ್ದು ನಿಜ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಲೆಕ್ಕದಲ್ಲಿ ಹೊಳೆಯ ಮೀನನ್ನೂ ಅದನ್ನು ನಂಬಿದ್ದವರನ್ನೂ ಯಾರೂ ಬರೆದುಕೊಳ್ಳಲಿಲ್ಲ.

ಮುಂಗಾರಿನ ಹೊಸನೀರಿಗೆ ಮೀನು ಮೊಟ್ಟೆಯಿಡಲು ಮೇಲಕ್ಕೆ ಹತ್ತುತ್ತದೆ. ಹಳ್ಳದ ಕಿರಿದಾದ ಜಾಗದಲ್ಲಿ ಕಲ್ಲು ಜೋಡಿಸಿ, ಒಳಹೊಕ್ಕ ಮೀನು ಹೊರಬರಲಾಗದಂತೆ ಬಿದಿರ ಸೀಳುಗಳಿಂದ ಹೆಣೆದ ಕೂಳಿಯನ್ನಿಟ್ಟು, ಮನೆಗೆ ಬೇಕಾದಷ್ಟನ್ನು ಹಿಡಿಯುವುದು ಹಳೆಯ ಪದ್ಧತಿ. ಅಣೆಕಟ್ಟು ಮೀನಿನ ಈ ದಾರಿಯನ್ನು ಕಡಿಯುತ್ತದೆ. ನಿಂತ ನೀರಿನಲ್ಲಿ ಕಾಟ್ಲಾ, ತಿಲಾಪಿಯಾ ಹೆಚ್ಚುತ್ತವೆ. ಹರಿಯುವ ನೀರು ಮತ್ತು ಜಲ್ಲಿಕಲ್ಲಿನ ತಳ ಬೇಕಾದ ಜಾತಿಗಳು ಕುಗ್ಗುತ್ತವೆ.

ಶೃಂಗೇರಿಯಲ್ಲೋ ರಾಮನಾಥಪುರದಲ್ಲೋ ದೇವರ ಮೀನುಗಳೆನಿಸಿದ ಮಹಶೀರ್‌ಗಳಿಗೆ ಪುರಿ ಹಾಕಿದವರಿಗೆ ಈ ಮಾತು ಬೇಗ ಅರ್ಥವಾದೀತು. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದ ಡುಬ್ಬದ ಮಹಶೀರ್ ಮೀನನ್ನು 2018ರಲ್ಲಿ ಅಳಿವಿನ ಅತ್ಯಂತ ಅಪಾಯದಲ್ಲಿರುವ ಜಾತಿಯೆಂದು ಪಟ್ಟಿ ಮಾಡಲಾಯಿತು. ಅದರ ಅವನತಿಗೆ ಅಣೆಕಟ್ಟು, ಮರಳುಗಾರಿಕೆ, ಸಿಡಿಮದ್ದಿನ ಬೇಟೆಗಳ ಜೊತೆಗೆ, ಮಹಾರಾಷ್ಟ್ರದ ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಸದುದ್ದೇಶದಿಂದಲೇ ಕಾವೇರಿಗೆ ತಂದು ಬಿಟ್ಟದ್ದೂ ಕಾರಣವೆಂದು ತಜ್ಞರು ಗುರುತಿಸಿದ್ದಾರೆ. ಆದ್ದರಿಂದ ಮೀನುಮರಿ ಖರೀದಿಗೆ ನಮ್ಮ ಟ್ರಸ್ಟ್ ಒಂದು ರೂಪಾಯಿಯನ್ನೂ ಬಳಸುವುದಿಲ್ಲ. ಮರಿ ಬಿಡುವ ಫೋಟೊ ಚೆನ್ನಾಗಿ ಬರುತ್ತದೆ ಎಂಬುದು ನಮಗೂ ಗೊತ್ತು.

ನಮ್ಮ ದೃಷ್ಟಿಯಲ್ಲಿ ಮೊದಲು ಆಗಬೇಕಾದದ್ದು ಹಕ್ಕು ಪಡೆಯುವ ಕೆಲಸ. ನೀರಿನ ಮೇಲೆ ಹಾಡಿಗೆ ಹಕ್ಕಿಲ್ಲದಿದ್ದರೆ, ಮೀನು ಹೆಚ್ಚಿದರೂ ಅದರ ಫಲ ಗುತ್ತಿಗೆ ಹಿಡಿಯಲು ಹಣವುಳ್ಳವರಿಗೇ ಸೇರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(1)(ಡಿ) ಉಪವಿಧಿಯು ಜಲಮೂಲಗಳ ಮೀನು ಮತ್ತಿತರ ಉತ್ಪನ್ನಗಳ ಮೇಲೆ ಸಮುದಾಯಕ್ಕಿರುವ ಹಕ್ಕನ್ನು ಸ್ಪಷ್ಟವಾಗಿ ಹೇಳುತ್ತದೆ. ಅದು ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯ ಹಕ್ಕುಪತ್ರ ಪಡೆದಿದ್ದಾರೆ.

ಇದಕ್ಕೆ ಗ್ರಾಮಸಭೆಯು ಬಿ ನಮೂನೆಯ ಅರ್ಜಿಯನ್ನು ನಿರ್ಣಯದೊಂದಿಗೆ ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲಿಂದ ಜಿಲ್ಲಾ ಮಟ್ಟದ ಸಮಿತಿಗೆ ಮುಟ್ಟಿಸಬೇಕು. ಹಿರಿಯರ ಲಿಖಿತ ಹೇಳಿಕೆಯನ್ನೂ ನಿಯಮಗಳು ಸಾಕ್ಷ್ಯವೆಂದು ಒಪ್ಪುತ್ತವೆ. ಯಾವ ಮಡುವಿನಲ್ಲಿ ಯಾವ ಮೀನು ಸಿಗುತ್ತಿತ್ತು, ಯಾವ ಹಳ್ಳದಲ್ಲಿ ಕೂಳಿ ಇಡುತ್ತಿದ್ದರು ಎಂಬುದನ್ನು ಬಲ್ಲವರು ಈಗ ವಯಸ್ಸಾದವರು. ಅವರ ಮಾತನ್ನು ಬರೆದಿಡುವ ಕೆಲಸ ಮುಂದೂಡುವಂಥದ್ದಲ್ಲ.

ತಮ್ಮ ದೇಣಿಗೆಯು ಈ ಹೇಳಿಕೆಗಳ ದಾಖಲೆ, ಜಾಗ ಗುರುತಿಸುವ ನಕ್ಷೆ, ಅರ್ಜಿಗಳ ಸಿದ್ಧತೆ ಹಾಗೂ ಕಚೇರಿಗೆ ಹೋಗಿಬರುವ ಹಾಡಿ ಪ್ರತಿನಿಧಿಗಳ ಬಸ್ಸಿನ ಖರ್ಚು ಮತ್ತು ಅಂದಿನ ಕೂಲಿಗೆ ವಿನಿಯೋಗವಾಗುತ್ತದೆ. ಕೊನೆಯದು ಚಿಕ್ಕ ವಿಷಯವೆಂದು ತೋರಬಹುದು, ಆದರೆ ಕೂಲಿ ಕಳೆದುಕೊಂಡು ಮತ್ತೆ ಮತ್ತೆ ತಾಲ್ಲೂಕಿಗೆ ಬರಲಾಗದೆ ಅರ್ಜಿ ಅಲ್ಲಿಗೇ ನಿಂತುಬಿಡುತ್ತದೆ. ಉಳಿದ ಹಣದಲ್ಲಿ, ಮಳೆಗಾಲದಲ್ಲಿ ಹಳ್ಳಗಳಿಗೆ ಹತ್ತುವ ಮೀನಿನ ಜಾತಿ ಮತ್ತು ಸಂಖ್ಯೆಯನ್ನು ದಾಖಲಿಸಲು ಹಾಡಿಯ ಯುವಕ ಯುವತಿಯರಿಗೆ ಗೌರವಧನ ನೀಡಲಾಗುವುದು. ಎಲ್ಲಿ ನೀರು ಬಿಡಬೇಕು, ಎಲ್ಲಿ ಮರಳು ಎತ್ತಬಾರದು ಎಂದು ಕೇಳಲು ಆ ದಾಖಲೆಯೇ ಆಧಾರ.

ದೇಣಿಗೆಯ ಮೊತ್ತಕ್ಕೆ ಕನಿಷ್ಠ ಮಿತಿಯಿಲ್ಲ. ಚೆಕ್ ಅಥವಾ ಬ್ಯಾಂಕ್ ವರ್ಗಾವಣೆಯ ಮೂಲಕ ಕಳುಹಿಸಿ ರಸೀದಿ ಪಡೆಯಬೇಕಾಗಿ ವಿನಂತಿ. ವಿದೇಶದಲ್ಲಿದ್ದೂ ಭಾರತದ ಪೌರತ್ವ ಉಳಿಸಿಕೊಂಡವರು ತಮ್ಮ ಬ್ಯಾಂಕ್ ಖಾತೆಯಿಂದ ನೀಡಬಹುದು. ಬೇರೆ ದೇಶದ ಪೌರತ್ವ ಪಡೆದವರ ಹಣವನ್ನು ವಿದೇಶಿ ದೇಣಿಗೆ ಕಾನೂನಿನ ನೋಂದಣಿ ಇಲ್ಲದ ನಾವು ಸ್ವೀಕರಿಸಲಾಗದು, ದಯವಿಟ್ಟು ಅನ್ಯಥಾ ಭಾವಿಸಬಾರದು. ಖರ್ಚಿನ ಲೆಕ್ಕವನ್ನು ದಾನಿಗಳಿಗೆ ಕಳುಹಿಸುವ ಮುನ್ನ ಆಯಾ ಹಾಡಿಯ ಗ್ರಾಮಸಭೆಯಲ್ಲಿ ಓದಿ ಹೇಳಲಾಗುವುದು.

ಇಂತಿ,
ಧರ್ಮದರ್ಶಿಗಳು