ನಿಮ್ಮ ಖಾರದ ಮೆಣಸಿನಕಾಯಿ ಕಿಟ್ ಬಗ್ಗೆ ಐದನೇ ದೂರು, ಇದೇ ಕೊನೇದು

ಗೆ,
ಕಸ್ಟಮರ್ ಕೇರ್ ಮುಖ್ಯಸ್ಥರು
(ಹೆಸರು ನಾಲ್ಕು ಸಲ ಕೇಳ್ದೆ, ಯಾರೂ ಹೇಳಲಿಲ್ಲ, ಅದಕ್ಕೆ ಹಾಗೇ ಬಿಟ್ಟಿದೀನಿ)

ವಿಷಯ: ಮನೆಯೊಳಗೆ ಬೆಳೆಸೋ ಕೆರೊಲಿನಾ ರೀಪರ್ (ವಿಪರೀತ ಖಾರದ ಮೆಣಸಿನಕಾಯಿ) ಕಿಟ್‌ನಲ್ಲಿ ದೊಣ್ಣೆಮೆಣಸಿನಕಾಯಿ ಬೆಳೆದಿರೋದು, ಮತ್ತೆ ಅದನ್ನ ನನ್ನ ಕೈಲೇ ತಿನ್ನಿಸಿದ್ದು

ನಮಸ್ಕಾರ.

ಸಮಾಧಾನವಾಗಿ ಬರೀಬೇಕು ಅಂತಾನೇ ಕೂತಿದೀನಿ, ಎಲ್ಲಿವರೆಗೆ ಆಗತ್ತೋ ನೋಡೋಣ.

ಮೊದಲನೇ ಸಲ ಬಂದ ಹತ್ತು ಬೀಜ ನಿಮ್ಮ ಟ್ರೇನಲ್ಲಿ, ನಿಮ್ಮದೇ ತೆಂಗಿನ ನಾರಿನ ಪುಡಿ, ಅಂದ್ರೆ ಕೋಕೋಪೀಟ್‌ನಲ್ಲಿ, ಅರ್ಧ ಸೆಂಟಿಮೀಟರ್ ಆಳಕ್ಕೆ ಹಾಕಿ, ಕೆಳಗೆ ಕಾವು ಕೊಡೋಕೆ ಅಂತ ನಿಮ್ಮ ಕರೆಂಟಿನ ಹೀಟ್ ಮ್ಯಾಟ್ ಇಟ್ಟು ಆರು ವಾರ ಕಾದೆ. ರೀಪರ್ ಜಾತಿ ನಿಧಾನ, ಎರಡು ವಾರಕ್ಕೂ ಬರಬಹುದು ಐದಾರು ವಾರಾನೂ ಹಿಡೀಬಹುದು ಅಂತ ನನಗೂ ಗೊತ್ತು, ಅದಕ್ಕೇ ಬಾಯಿ ಮುಚ್ಕೊಂಡು ಕಾದಿದ್ದು. ಒಂದೂ ಬರಲಿಲ್ಲ. ಕೊನೆಗೆ ಡೌಟ್ ಬಂದು ಮಣ್ಣಿಗೆ ಥರ್ಮಾಮೀಟರ್ ಚುಚ್ಚಿ ನೋಡಿದ್ರೆ 41 ಡಿಗ್ರಿ! ಮೆಣಸಿನಬೀಜ ಮೊಳಕೆ ಒಡೆಯೋಕೆ 25ರಿಂದ 30 ಡಿಗ್ರಿ ಬೇಕು ಅಂತ ನಿಮ್ಮ ಡಬ್ಬಿ ಮೇಲೇ ಪ್ರಿಂಟ್ ಆಗಿದೆ. ಅಂದ್ರೆ ಆರು ವಾರ ನಾನು ಬೀಜಕ್ಕೆ ಕಾವು ಕೊಟ್ಟಿದ್ದಲ್ಲ, ಬೇಯಿಸಿದ್ದು. ಇದನ್ನ ಹೇಳಿದ್ದಕ್ಕೆ ನೀವು ಹೊಸ ಬೀಜದ ಪ್ಯಾಕೆಟ್ ಕಳಿಸಿದ್ರಿ, ಮ್ಯಾಟ್ ಮಾತ್ರ ಬದಲಾಯಿಸಲಿಲ್ಲ, ಯಾಕಂದ್ರೆ ಅದು "ಆನ್ ಆಗ್ತಿದೆ" ಅಂತೆ. ಆನ್ ಆಗ್ತಿದೆ ನಿಜ, ಅದೇ ಅಲ್ವಾ ತೊಂದರೆ. ಹಾಳಾಗೋಗ್ಲಿ ಅಂತ ನನ್ನ ಖರ್ಚಲ್ಲೇ ಥರ್ಮೋಸ್ಟಾಟ್ ತಂದು 28ಕ್ಕೆ ಇಟ್ಟೆ.

ಎರಡನೇ ಪ್ಯಾಕೆಟ್ ಏಳೇ ದಿನಕ್ಕೆ ಹತ್ತರಲ್ಲಿ ಎಂಟು ಮೊಳಕೆ. ಅವತ್ತು ಖುಷಿ ಪಡೋ ಬದಲು ಅನುಮಾನ ಪಡಬೇಕಿತ್ತು ನಾನು. ಎರಡು ಸಸಿ ಬುಡ ಕೊಳೆತು ಬಿದ್ದೋಯ್ತು, ಅದು ನನ್ನ ತಪ್ಪು, ನೀರು ಜಾಸ್ತಿ ಹಾಕಿದ್ದೆ, ಒಪ್ಕೋತೀನಿ. ಉಳಿದ ಆರಕ್ಕೆ ಬಿಸಿಲಿನ ಬದಲು ದಿನಕ್ಕೆ 16 ಗಂಟೆ ಗ್ರೋ ಲೈಟ್, ಕಾಂಡ ಗಟ್ಟಿ ಆಗ್ಲಿ ಅಂತ ಸಣ್ಣ ಫ್ಯಾನ್, ನಾಲ್ಕು ಎಲೆ ಬಂದ್ಮೇಲೆ ದೊಡ್ಡ ಕುಂಡ, ಎಲ್ಲಾ ಆಯ್ತು. ಮನೆಯೊಳಗೆ ಗಾಳೀನೂ ಇಲ್ಲ ಜೇನೂ ಇಲ್ಲ ಅಂತ ದಿನಾ ಬೆಳಗ್ಗೆ ಬ್ರಷ್ ಹಿಡ್ಕೊಂಡು ಒಂದೊಂದು ಹೂವಿಗೂ ನಾನೇ ಪರಾಗ ಮುಟ್ಟಿಸಿದೀನಿ. ನಮ್ಮನೆಯವರು ಇದನ್ನ ನೋಡಿ "ಜೇನುಹುಳ ಡ್ಯೂಟಿಗೆ ಹೊರಟ್ತು" ಅನ್ನೋರು. ಹೂವು ನೋಡ್ದಾಗ್ಲೇ ಎದೆ ಝಲ್ ಅಂದಿತ್ತು. ರೀಪರ್ ಇರೋ ಚೈನೆನ್ಸ್ ಜಾತೀಲಿ ಒಂದೊಂದು ಗೆಣ್ಣಿಗೆ ಎರಡು ಮೂರು ಹೂವು ಬರೋದು ಸಾಮಾನ್ಯ, ಇಲ್ಲಿ ಒಂದೊಂದೇ, ಅಚ್ಚ ಬಿಳಿ. ಆದ್ರೂ ನಂಬಿಕೆ ನೋಡಿ. ನಾಲ್ಕೂವರೆ ತಿಂಗಳಿಗೆ ಕಾಯಿ ಕೆಂಪಾಯ್ತು. ಮುಷ್ಟಿ ಗಾತ್ರ, ನಾಲ್ಕು ಉಬ್ಬು, ನುಣ್ಣಗೆ ಹೊಳೀತಿದೆ. ನಿಮ್ಮ ಡಬ್ಬಿ ಮೇಲಿನ ಫೋಟೋದಲ್ಲಿ ಇರೋದು ಸುಕ್ಕುಸುಕ್ಕಾದ, ಕೆಳಗೆ ಚೇಳಿನ ಕೊಂಡಿ ತರ ಬಾಲ ಇರೋ ಕಾಯಿ. ಅಂದ ಹಾಗೆ ಆ ಡಬ್ಬಿ ಮೇಲೆ "ಜಗತ್ತಿನ ನಂಬರ್ ಒನ್ ಖಾರ" ಅಂತ ಇನ್ನೂ ಇದೆ, ಗಿನ್ನೆಸ್ ದಾಖಲೆ 2023ರಲ್ಲೇ ಪೆಪ್ಪರ್ ಎಕ್ಸ್ ಅನ್ನೋ ಇನ್ನೊಂದು ಮೆಣಸಿನಕಾಯಿಗೆ ಹೋಯ್ತು, ಖಾರದ ಅಳತೆ ಸ್ಕೋವಿಲ್‌ನಲ್ಲಿ 26,93,000. ಇರ್ಲಿ ಬಿಡಿ, ನನಗೆ ನಂಬರ್ ಟೂ ಸಿಕ್ಕಿದ್ರೂ ಸಾಕಿತ್ತು.

ಈಗ ಆ ವಿಡಿಯೋ ಕಾಲ್ ವಿಷಯ. ಇದನ್ನ ಪೂರ್ತಿ ಬರೀತೀನಿ, ನೀವು ಪೂರ್ತಿ ಓದಿ.

ಫೋಟೋ ಸಾಲಲ್ಲ, ಲೈವ್ ತೋರಿಸಬೇಕು ಅಂತ ನಿಮ್ಮ ಕಸ್ಟಮರ್ ಕೇರ್ ಹುಡುಗ ಹೇಳಿದ. ತೋರಿಸ್ದೆ. "ಮೇಡಂ, ಮನೆಯೊಳಗೆ ಬೆಳೆಸಿದ್ರೆ ಶೇಪ್ ಸ್ವಲ್ಪ ಚೇಂಜ್ ಆಗತ್ತೆ" ಅಂದ. ಸ್ವಲ್ಪ! ಚೇಳು ಹೋಗಿ ಚೆಂಡಾಗಿದೆ. ಆಮೇಲೆ "ಮನೇಲಿ ಬೇರೆ ಮೆಣಸಿನಗಿಡ ಇದ್ಯಾ, ಕ್ರಾಸ್ ಆಗಿರಬಹುದು" ಅಂದ. ಬೇರೆ ಗಿಡ ಇಲ್ಲ, ಇದ್ರೂ ಕ್ರಾಸ್ ಆಗಿದ್ದು ಕಾಣೋದು ಮುಂದಿನ ತಲೆಮಾರಿನ ಗಿಡದಲ್ಲಿ, ಈ ಕಾಯಿ ತಾಯಿಗಿಡದ್ದೇ, ಅಂದ್ರೆ ನಿಮ್ಮ ಬೀಜದ್ದೇ ಅಂತ ಬಿಡಿಸಿ ಹೇಳ್ದೆ. ಐದು ಸೆಕೆಂಡ್ ಸುಮ್ನಿದ್ದ. ಆಮೇಲೆ "ತಿಂದು ನೋಡಿದ್ರಾ ಮೇಡಂ?" ಅಂದ. ಒಂದು ಚೂರು ಕಚ್ಚಿದೀನಿ, ಸಿಹಿಯಿದೆ ಅಂದೆ. "ಹಾಗಲ್ಲ, ನಮ್ಮ ಮುಂದೆ ತಿನ್ಬೇಕು, ಬೀಜ ಸಮೇತ, ಖಾರ ಎಲ್ಲಾ ಬೀಜದಲ್ಲೇ ಇರೋದು" ಅಂದ. ಬೀಜ ಮಾರೋ ಕಂಪನಿಯವರಿಗೆ ಖಾರ ಇರೋದು ಬೀಜ ಅಂಟ್ಕೊಂಡಿರೋ ಬಿಳಿ ತಿರುಳಲ್ಲಿ ಅಂತ ನಾನು ಹೇಳಿಕೊಡಬೇಕಾ? ಸರಿ, ವಾದ ಯಾಕೆ ಅಂತ ಮೊಬೈಲ್‌ನ ಡಬ್ಬಕ್ಕೆ ಒರಗಿಸಿಟ್ಟು ಇಡೀ ಕಾಯಿ ತಿಂದೆ. ಇಡೀ ಕಾಯಿ. ಅತ್ತೆ ಬಾಗಿಲಲ್ಲಿ ನಿಂತು ನೋಡ್ತಿದಾರೆ, ಮಗ ಆಚೆ ನಗ್ತಿದಾನೆ, ನಮ್ಮನೆಯವರು ಏನಾದ್ರೂ ಆದ್ರೆ ಅಂತ ಹಾಲಿನ ಲೋಟ ಹಿಡ್ಕೊಂಡು ಪಕ್ಕದಲ್ಲಿ. ಆಗ ನಿಮ್ಮ ಹುಡುಗ "ಮೇಡಂ ಸ್ವಲ್ಪ ಕ್ಯಾಮೆರಾ ಹತ್ರ ಬನ್ನಿ, ಕಣ್ಣಲ್ಲಿ ನೀರು ಬಂದಿದ್ಯಾ ನೋಡ್ಬೇಕು" ಅಂದ. ಬಂದೆ. ಕಣ್ಣು ತೋರಿಸ್ದೆ. "ನಾಲಿಗೆ?" ನಾಲಿಗೇನೂ ತೋರಿಸ್ದೆ! ಈ ವಯಸ್ಸಲ್ಲಿ, ಡಾಕ್ಟರ್ ಅಲ್ಲದ ಒಬ್ಬನಿಗೆ, ಅತ್ತೆ ಎದುರಿಗೆ. ಅದನ್ನೆಲ್ಲಾ ನೋಡಿ ಅವನು ಕೊಟ್ಟ ತೀರ್ಪು, "ನಿಮಗೆ ಖಾರ ತಡ್ಕೊಳ್ಳೋ ಕೆಪ್ಯಾಸಿಟಿ ಜಾಸ್ತಿ ಅನ್ಸತ್ತೆ ಮೇಡಂ."

ಹಾಲು ಕೊನೆಗೆ ನಮ್ಮನೆಯವರೇ ಕುಡಿದ್ರು.

ಮಾರನೇ ದಿನ ಮೆಸೇಜ್ ಬಂತು. "ಉತ್ಪನ್ನವನ್ನು ಗ್ರಾಹಕರು ಸೇವಿಸಿರುವುದರಿಂದ ರಿಪ್ಲೇಸ್‌ಮೆಂಟ್ ಅಥವಾ ರೀಫಂಡ್ ಅನ್ವಯಿಸುವುದಿಲ್ಲ." ಸೇವಿಸಿ ಅಂದಿದ್ದು ಯಾರು ಸ್ವಾಮಿ? ಸಾಕ್ಷಿ ತಿನ್ನಿ ಅಂತ ನೀವೇ ಹೇಳಿ, ತಿಂದ್ಮೇಲೆ ಸಾಕ್ಷಿ ಎಲ್ಲಿ ಅಂತ ಕೇಳೋದು! 1912ರಲ್ಲಿ ಸ್ಕೋವಿಲ್ ಅನ್ನೋರು ಖಾರ ಅಳೆಯೋಕೆ ಮೆಣಸಿನ ಸಾರನ ಸಕ್ಕರೆ ನೀರಲ್ಲಿ ಕಲಸಿ ಕಲಸಿ ಜನರ ನಾಲಿಗೆ ಮೇಲೆ ಪರೀಕ್ಷೆ ಮಾಡ್ತಿದ್ರಂತೆ, ಈಗ ಅದಕ್ಕೆ ಲ್ಯಾಬ್‌ನಲ್ಲಿ ಮೆಷಿನ್ ಬಂದಿದೆ. ನೀವು ಇನ್ನೂ 1912ರಲ್ಲೇ ಇದೀರ, ಅದೂ ಸಕ್ಕರೆ ನೀರು ಕೊಡದೆ. ದೊಣ್ಣೆಮೆಣಸಿನಕಾಯಿಗೆ ಸ್ಕೋವಿಲ್ ಸೊನ್ನೆ. ಸೊನ್ನೆ ತಡ್ಕೊಳ್ಳೋಕೆ ನನಗೆ ಯಾವ ಕೆಪ್ಯಾಸಿಟೀನೂ ಬೇಕಾಗಿಲ್ಲ.

ಅದಾದ್ಮೇಲೆ ಮೂರು ಸಲ ಫೋನ್ ಮಾಡಿದೀನಿ, ಮೂರು ಸಲಾನೂ ಮೊದಲಿಂದ ಹೇಳಿಸಿದಾರೆ, ಮೂರು ಸಲಾನೂ "ನೋಟ್ ಮಾಡ್ಕೊಂಡಿದೀವಿ". ಆ ನೋಟ್‌ಬುಕ್ ಒಂದ್ಸಲ ನೋಡ್ಬೇಕು ನಾನು.

ದುಡ್ಡು ವಾಪಸ್ ಕೊಡಿ ಅಂತ ಬರೆಯೋಕೇ ಕೂತಿದ್ದೆ. ಇಲ್ಲಿವರೆಗೆ ಬರೆದ್ಮೇಲೆ ಅದರ ಆಸೇನೇ ಹೋಗಿದೆ. ಅವತ್ತಿನ ಕಾಲ್ ನಮ್ಮ ಮಗ ನಗಾಡ್ಕೊಂಡು ಪಕ್ಕದಿಂದ ಪೂರ್ತಿ ರೆಕಾರ್ಡ್ ಮಾಡಿದಾನೆ, ನನ್ನ ನಾಲಿಗೆ ಸಮೇತ. ಏಳು ದಿನದಲ್ಲಿ ನಿಮ್ಮಿಂದ ತಪ್ಪಾಯ್ತು ಅಂತ ಬರಹದಲ್ಲಿ ಬರದೇ ಇದ್ರೆ ಆ ವಿಡಿಯೋ, ಡಬ್ಬಿ, ಥರ್ಮಾಮೀಟರ್ ಫೋಟೋ, ಉಳಿದಿರೋ ಹನ್ನೊಂದು ಕಾಯಿ ಎಲ್ಲಾ ತಗೊಂಡು ಗ್ರಾಹಕರ ಕೋರ್ಟಿಗೆ ಹೋಗ್ತೀನಿ, ಜಡ್ಜ್ ಎದುರಿಗೂ ಬೇಕಾದ್ರೆ ಒಂದು ತಿಂದು ತೋರಿಸ್ತೀನಿ, ಈಗ ನನಗೆ ಅಭ್ಯಾಸ ಆಗಿದೆ.

ಇನ್ನೊಂದು ಮಾತು. ಗೊತ್ತಿರೋರೊಬ್ಬರು ತಾವೇ ಬೆಳೆದ ರೀಪರ್‌ದು ಎರಡು ಬೀಜ ಕೊಟ್ಟಿದ್ರು. ಹತ್ತೊಂಬತ್ತು ದಿನ ಹಿಡೀತು, ಒಂದು ಬಂದಿದೆ, ಈಗ ನಾಲ್ಕು ಎಲೆ. ಕಾಯಿ ಆಗೋಕೆ ಇನ್ನೂ ನಾಲ್ಕೈದು ತಿಂಗಳು. ನೀವು ಅಲ್ಲಿವರೆಗೂ ನೋಟೇ ಮಾಡ್ಕೋತಾ ಕೂತಿದ್ರೆ ಮೊದಲನೇ ಕಾಯಿ ನಿಮ್ಮ ಆಫೀಸಿಗೆ ಕೊರಿಯರ್ ಮಾಡ್ತೀನಿ, ಬಿಳಿ ತಿರುಳಿನ ಸಮೇತ. ಆ ಹುಡುಗನಿಗೆ ಕೊಡಬೇಡಿ, ಪಾಪ ಅವನು ಹೇಳಿಕೊಟ್ಟಿದ್ದು ಹೇಳ್ದ. ಅವನಿಗೆ ಹೇಳಿಕೊಟ್ಟೋರು ಯಾರೋ ಅವರು ವಿಡಿಯೋ ಕಾಲ್‌ಗೆ ಬರ್ಲಿ. ಕ್ಯಾಮೆರಾ ಹತ್ರ ಬರ್ಲಿ. ನಾನು ಕಣ್ಣು ನೋಡ್ಬೇಕು.

ಇತಿ,
ನಿಮ್ಮ ರೆಕಾರ್ಡ್‌ನಲ್ಲಿ "ಉತ್ಪನ್ನ ಸೇವಿಸಿದ ಗ್ರಾಹಕಿ"